ಮತದಾನದ ವಯಸ್ಸನ್ನು 16ಕ್ಕೆ ಇಳಿಸಬೇಕೇ? ಓದುಬರಹ ಬಾರದವರಿಗೂ ಮತದ ಹಕ್ಕು ಇರಬೇಕೇ?

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆಗಳ ಜರಡಿ ಹಿಡಿದೇ ಮತದಾರರನ್ನು ಆರಿಸಲಾಗುತ್ತಿತ್ತು. ಸಂವಿಧಾನದ 326ನೇ ವಿಧಿ ಅದನ್ನು ಕಿತ್ತುಹಾಕಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಆ ಜರಡಿಯನ್ನು ಮತ್ತೆ ತರುವುದು ಸರಿಯಲ್ಲ. ಬಾಗಲಕೋಟೆ ಸೀಮೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟು, ಪರಿಹಾರದ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ರೈತನು ಮತಗಟ್ಟೆಯ ವಹಿಯಲ್ಲಿ ಹೆಬ್ಬೆಟ್ಟು ಒತ್ತುವವನಾಗಿರಬಹುದು, ಆದರೆ ಸರ್ಕಾರವೆಂದರೆ ಏನೆಂದು ಅವನಿಗೆ ಪದವೀಧರರು ಹೇಳಿಕೊಡಬೇಕಾಗಿಲ್ಲ. ಅಕ್ಷರ ಬಾರದವರೂ ಗುರುತಿಸಲೆಂದೇ ಅಲ್ಲವೇ ಮತಯಂತ್ರದಲ್ಲಿ ಹೆಸರಿನ ಪಕ್ಕ ಚಿಹ್ನೆ ಇರುವುದು?

ಇನ್ನು ವಯಸ್ಸು. ನಮ್ಮಲ್ಲಿ ಅದು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರ ಮಾರ್ಚ್ 28ರಂದು 18 ಆಯಿತು. ಆಸ್ಟ್ರಿಯಾ 2007ರಲ್ಲಿ 16ಕ್ಕೆ ಇಳಿಸಿದೆ. ಆದರೂ ಒಪ್ಪಂದಕ್ಕೆ ಸಹಿ ಹಾಕುವ ವಯಸ್ಸು 18 ಆಗಿರುವಾಗ ಮತಕ್ಕೆ ಮಾತ್ರ 16 ಎನ್ನಲು ನನಗೆ ಬಲವಾದ ಕಾರಣ ಕಾಣುವುದಿಲ್ಲ.

ನಿಜವಾದ ತೊಡಕು ಬೇರೆಡೆ ಇದೆ: ಹೆಸರು ಹುಟ್ಟೂರಿನ ಮತದಾರರ ಪಟ್ಟಿಯಲ್ಲಿ, ಹುಡುಗ ಗೋವಾದಲ್ಲಿ ದುಡಿಮೆಗೆ. ಪಟ್ಟಿಗೆ ಹೆಸರು ಸೇರಿಸುವುದೇನೋ ಈಗ ಕಷ್ಟವಲ್ಲ: 17 ತುಂಬಿದವರು ಅದಕ್ಕೆ ಮುಂಗಡವಾಗಿಯೇ ಅರ್ಜಿ ಕೊಡಬಹುದು. 18 ತುಂಬಿದೆಯೇ ಎಂದು ಲೆಕ್ಕಹಾಕುವ ಅರ್ಹತಾ ದಿನಾಂಕಗಳೂ ಈಗ ವರ್ಷಕ್ಕೆ ನಾಲ್ಕಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು.