ಆನ್‌ಲೈನ್ ಕೋರ್ಸಿಗೆ ಸೇರಿದ ರೈತರು ಎರಡನೇ ಪಾಠಕ್ಕೇ ಯಾಕೆ ಬಿಡ್ತಾರೆ?

ಒಣದ್ರಾಕ್ಷಿ ತಯಾರಿಕೆ ಬಗ್ಗೆ 40 ನಿಮಿಷದ ಎಂಟು ವಿಡಿಯೊ ಮಾಡಿದ್ದೀರಿ, ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ರೈತರು ಸೇರಿದರೂ ಮೂರನೇ ಪಾಠ ತೆರೆಯುವವರೇ ಇಲ್ಲ, ಕ್ಯಾಮೆರಾ ಬದಲಿಸಲೇ ಅಂತ ಕೇಳಿದ್ದೀರಿ. ಕ್ಯಾಮೆರಾ ಹಾಗೇ ಇರಲಿ. ಪಾಠ ನೋಡಿದವರು ಮಾಡಬೇಕಾದ ಕೆಲಸವೇ ನಿಮ್ಮ ಕೋರ್ಸಿನಲ್ಲಿಲ್ಲ.

ಮೊದಲು ಉದ್ದ. ಆನ್‌ಲೈನ್ ಕೋರ್ಸುಗಳ ತಾಣ ಎಡ್‌ಎಕ್ಸ್‌ನ ಸುಮಾರು 69 ಲಕ್ಷ ವೀಕ್ಷಣೆಗಳ ಮೇಲಿನ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುವ ಸಮಯದ ಮಧ್ಯಾಂಕ 6 ನಿಮಿಷ ದಾಟಲಿಲ್ಲ. ಹಾಗಂತ 40 ನಿಮಿಷವನ್ನು ಏಳು ತುಂಡು ಮಾಡಿದರೆ ಬೇಸರವೂ ಏಳು ತುಂಡಾಗುತ್ತದೆ, ಅಷ್ಟೇ. ಒಂದು ಪಾಠಕ್ಕೆ ಒಂದೇ ಕೆಲಸ ಇಡಿ. ಸ್ವಾಗತ, ಪರಿಚಯ, ದ್ರಾಕ್ಷಿಯ ಇತಿಹಾಸ ಎಲ್ಲ ತೆಗೆಯಿರಿ.

ಡಿಪ್ಪಿಂಗ್, ಅಂದರೆ ಒಣಹಾಕುವ ಮುಂಚೆ ಗೊಂಚಲನ್ನು ದ್ರಾವಣದಲ್ಲಿ ಅದ್ದುವ ಪಾಠವನ್ನೇ ತಗೊಳ್ಳಿ. ಚೆನ್ನಾಗಿ ಒಣಗಿದ ಹಸಿರು ಛಾಯೆಯ ಗೊಂಚಲು, ಕಪ್ಪಾದ ಗೊಂಚಲು ಎರಡನ್ನೂ ತೋರಿಸಿ, ಎಲ್ಲಿ ಎಡವಿದ್ದಾರೆ ಅಂತ ಕೇಳಿಯೇ ಶುರುಮಾಡಿ. ಆಮೇಲೆ ಅಳತೆ: ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಈಥೈಲ್ ಓಲಿಯೇಟ್, ಅಂದರೆ ಡಿಪ್ಪಿಂಗ್ ಆಯಿಲ್. ಹಣ್ಣಿನ ಮೇಲಿನ ಮೇಣ ಸಡಿಲಾಗಿ ನೀರು ಬೇಗ ಹೊರಬರಲಿ ಅಂತ ಇದು. ಅಲ್ಲೇ ನಿಲ್ಲಿಸಿ, 100 ಲೀಟರ್ ಬ್ಯಾರಲ್‌ಗೆ ಎಷ್ಟು ಅಂತ ಕೇಳಿ. ಉತ್ತರ 2.5 ಕಿಲೊ, 1.5 ಲೀಟರ್. ತಪ್ಪು ಆಯ್ಕೆಗಳೂ ರೈತರು ನಿಜಕ್ಕೂ ಮಾಡುವ ತಪ್ಪುಗಳಾಗಿರಬೇಕು. 250 ಗ್ರಾಂ ಒತ್ತಿದವರಿಗೆ ಬರೀ ‘ತಪ್ಪು’ ಅಂದರೆ ಫೋನ್ ಕೆಳಗಿಡ್ತಾರೆ. ‘ಇದು 10 ಲೀಟರಿನ ಲೆಕ್ಕವಾಯ್ತು ರೀ’ ಅಂತ ಬರಬೇಕು. ಇದೇ ಪ್ರಶ್ನೆಯನ್ನು ಬ್ಯಾರಲ್ ಅಳತೆ ಬದಲಿಸಿ ಎರಡು ಪಾಠ ಬಿಟ್ಟು ಮತ್ತೆ ಕೇಳಿ. ಮತ್ತೆ ಮತ್ತೆ ನೋಡಿದ್ದಕ್ಕಿಂತ ನೆನಪಿಂದ ತೆಗೆದದ್ದು ಹೆಚ್ಚು ದಿನ ಉಳಿಯುತ್ತದೆ.

ಹಂಗಾಮು ತಪ್ಪಿದರೆ ಯಾವ ವಿನ್ಯಾಸವೂ ಉಳಿಸದು. ಜೂನ್‌ನಲ್ಲಿ ಒಣದ್ರಾಕ್ಷಿ ಕೋರ್ಸ್ ತೆರೆದರೆ ಶೆಡ್ಡಿನಲ್ಲಿ ಮಾಲೇ ಇರುವುದಿಲ್ಲ. ಜನವರಿ ಕೊನೆಗೆ ಬ್ಯಾಚ್ ಶುರುಮಾಡಿ ವಾರಕ್ಕೆ ಎರಡೇ ಪಾಠ ಬಿಡಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವುದನ್ನು ಕಲಿಸುವುದಿದ್ದರೆ ಸೆಪ್ಟೆಂಬರ್‌ನಲ್ಲೇ ಬೇರೆ ಬ್ಯಾಚ್.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತಿರಲಿ, ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವಿನಡಿ ಪಾಠ ಮುಚ್ಚಿಹೋಗುತ್ತದೆ. ಪಾಠದ ಕೆಲಸ ಮಾಡಿದವರಿಂದ ದ್ರಾಕ್ಷಿ ಒಣಹಾಕಿದ ರ‍್ಯಾಕಿನ ಫೋಟೊವನ್ನು ನಿಮ್ಮ ನಂಬರಿಗೇ ತರಿಸಿಕೊಂಡು ಮರುದಿನದೊಳಗೆ ಉತ್ತರ ಕೊಡಿ. ನನ್ನ ಪ್ರಕಾರ ಸರ್ಟಿಫಿಕೇಟಿಗಿಂತ ಈ ಉತ್ತರಕ್ಕೇ ಜನ ಕಾಯೋದು. ಮೂವತ್ತು ಜನರಿಗಿಂತ ಹೆಚ್ಚಿದ್ದರೆ ಒಬ್ಬರಿಂದ ಆಗದ ಕೆಲಸ, ಅನುಭವಿ ರೈತರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಯೂಟ್ಯೂಬ್ ಸ್ಟುಡಿಯೊದಲ್ಲಿ ವೀಕ್ಷಕರು ಎಲ್ಲಿ ಬಿಟ್ಟರು ಅನ್ನೋ ಗ್ರಾಫ್ ಇದೆ. ಮೊದಲ 30 ಸೆಕೆಂಡಿನಲ್ಲೇ ಇಳಿದಿದ್ದರೆ ಆರಂಭ ಕೆಟ್ಟಿದೆ. ಕೊನೆತನಕ ನೋಡಿಯೂ ಫೋಟೊ ಕಳಿಸಿಲ್ಲವೆಂದರೆ ಕೊಟ್ಟ ಕೆಲಸ ದೊಡ್ಡದಾಯ್ತು. ಆ ಕೆಲಸವನ್ನು ಒಂದೇ ಕ್ರೇಟ್ ದ್ರಾಕ್ಷಿಗೆ ಇಳಿಸಿ ನೋಡಿ.