ಸ್ಯಾಲರಿ ಸ್ಲಿಪ್‌ನಲ್ಲಿ 1,800 ರೂಪಾಯಿ

ಮೊದಲು ಫೋನ್ ಮಾಡಿದ್ದು ಹೆಂಡತಿ. "ನಮ್ಮನೆಯವರು ಪೈಲಟ್ ಮೇಡಂ. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ನಿಮ್ಮ ಹತ್ರ ಬಂದಿದ್ದು ಎಲ್ಲಾದರೂ ರೆಕಾರ್ಡ್ ಆಗುತ್ತಾ?" ಎಂದು ಕೇಳಿದರು. ನಾನು ಆಪ್ತಸಲಹೆಗಾರ್ತಿ, ನನ್ನ ಟಿಪ್ಪಣಿ ನನ್ನ ಬೀರುವಿನಲ್ಲೇ ಇರುತ್ತದೆ, ಆದರೆ ಮೆಡಿಕಲ್ ಫಾರ್ಮ್‌ನಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆಯಿರಿ ಅಂತ ಮಾತ್ರ ನಾನು ಹೇಳುವುದಿಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ, ಶನಿವಾರ ಬರ್ತೀವಿ" ಎಂದರು.

ಅವರನ್ನು ಮೋಹನ್, ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ಮೋಹನ್‌ಗೆ 49 ವರ್ಷ. ಖಾಸಗಿ ವಿಮಾನ ಕಂಪನಿಯೊಂದರಲ್ಲಿ ಕಮಾಂಡರ್, ಅಂದರೆ ವಿಮಾನದ ಮುಖ್ಯ ಪೈಲಟ್. ಮನೆ ಯಲಹಂಕದ ಕಡೆ. ಸುಮಾ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಈ ಕಥೆಯಲ್ಲಿ ಅದು ಮುಖ್ಯ, ಆಮೇಲೆ ಗೊತ್ತಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಮೋಹನ್ ವರ್ಷದ ಮೆಡಿಕಲ್‌ಗೆ ಹೋದಾಗ ಬಿಪಿ ಜಾಸ್ತಿ ಬಂತು. ಟೆಂಪರರಿ ಅನ್‌ಫಿಟ್ ಎಂದು ಬರೆದರು. ಮಾತ್ರೆ ಶುರುವಾಯಿತು, ಹಳೆ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮರುಪರೀಕ್ಷೆ ಆಯಿತು, ಮೂರು ತಿಂಗಳಾದ ಮೇಲೆ ಫಿಟ್ ಎಂದು ವಾಪಸ್ ಬಂದರು. ದೇಹದ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಮನಸ್ಸಿನಲ್ಲಿ ಶುರುವಾಗಿದ್ದೇ ಅಲ್ಲಿಂದ.

ಯಾಕೆಂದರೆ ಆ ಮೂರು ತಿಂಗಳು ಹಾರಾಟ ಇಲ್ಲ, ಹಾಗಾಗಿ ಫ್ಲೈಯಿಂಗ್ ಅಲೊವೆನ್ಸ್ ಇಲ್ಲ. ಆರೂವರೆ ಲಕ್ಷ ಬರುತ್ತಿದ್ದ ಕಡೆ ಬಂದಿದ್ದು ಬೇಸಿಕ್ 1 ಲಕ್ಷ 20 ಸಾವಿರ. ಮನೆ ಸಾಲದ ಕಂತೇ 1 ಲಕ್ಷ 40 ಸಾವಿರ. ಸುಮಾ ಸಂಬಳದಲ್ಲಿ, ಇದ್ದ ಎಫ್‌ಡಿ ಮುರಿದು ದಾಟಿದರು. ಡ್ಯೂಟಿಗೆ ಮರಳಿದ ಮೇಲೂ ಬೆಳಗಿನ ಜಾವ 3 ಗಂಟೆಯ ಪಿಕಪ್‌ಗೆ ಮೋಹನ್ 1 ಗಂಟೆಗೇ ಎದ್ದು ಕೂರುತ್ತಿದ್ದರು. ಕೋವಿಡ್ ಕಾಲದ ಸಂಬಳವಿಲ್ಲದ ರಜೆ, ಕೆಲಸ ಕಳೆದುಕೊಂಡ ಬ್ಯಾಚ್‌ಮೇಟ್, ಮಗನ ಕಾಲೇಜು ಫೀಸು, ಎಲ್ಲ ಒಟ್ಟೊಟ್ಟಿಗೆ ತಲೆಯಲ್ಲಿ ತಿರುಗುತ್ತಿತ್ತು.

"ನಮಗೆ ಯೂನಿಯನ್ ಇಲ್ಲ ಮೇಡಂ," ಎಂದರು ಮೊದಲ ದಿನ. "ಕಂಪನಿ ನಾಳೆ ಬೇಡ ಅಂದರೆ ಕೇಳೋರು ಯಾರೂ ಇಲ್ಲ. ಹೋಗೋಣ ಅಂದ್ರೆ ನಾವು ಹೋಗೋ ಹಾಗೂ ಇಲ್ಲ." ಅವರ ಮಾತು ಸುಳ್ಳಲ್ಲ. ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ 2017ರ ನಿಯಮದ ಪ್ರಕಾರ ಕಮಾಂಡರ್ ಕೆಲಸ ಬಿಡಬೇಕಾದರೆ 12 ತಿಂಗಳ ನೋಟಿಸ್ ಕೊಡಬೇಕು, ಕೋ ಪೈಲಟ್ ಆದರೆ 6 ತಿಂಗಳು. ಸಂಘ ಕಟ್ಟುವ ಯೋಚನೆ ಬಂದಾಗೆಲ್ಲ ಅವರಿಗೆ 2009ರ ಸೆಪ್ಟೆಂಬರ್ ನೆನಪಾಗುತ್ತದಂತೆ. ಆಗ ಜೆಟ್ ಏರ್‌ವೇಸ್ ಪೈಲಟ್‌ಗಳು ಸಂಘ ಕಟ್ಟಿದ್ದರು. ಇಬ್ಬರನ್ನು ಕೆಲಸದಿಂದ ತೆಗೆದಾಗ ನೂರಾರು ಜನ ಒಟ್ಟಿಗೆ ಸಿಕ್ ಲೀವ್ ಹಾಕಿದರು, ದೇಶವೆಲ್ಲ ಸುದ್ದಿಯಾಯಿತು. ಆಗ ಬೇರೊಂದು ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ ಪೈಲಟ್ ಆಗಿದ್ದ ಮೋಹನ್ ಅದರಿಂದ ಕಲಿತ ಪಾಠ ಒಂದೇ: ಬಾಯಿ ಮುಚ್ಚಿಕೊಂಡು ಹಾರಿಸು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಆಪ್ತಸಲಹೆಗೆ ಬರುವ ಮೊದಲು ನಾನು ಪೀಣ್ಯದ ಒಂದು ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ 11 ವರ್ಷ ಇದ್ದೆ. ಅಲ್ಲಿ ಯೂನಿಯನ್ ಇತ್ತು, ದಿನಾ ಜಗಳ ಇತ್ತು. ಆದರೆ ಅಲ್ಲಿನ ಟರ್ನರ್‌ನನ್ನು ಕೇಳಿದರೆ ತನ್ನ ಗ್ರಾಚ್ಯುಟಿ ಎಷ್ಟು, ಪಿಎಫ್ ಎಷ್ಟು ಅಂತ ಪೈಸೆ ಸಮೇತ ಹೇಳುತ್ತಿದ್ದ. ಊಟದ ಬಿಡುವಿನಲ್ಲಿ ಯಾರೋ ಒಬ್ಬರು ಚೀಟಿ ಓದಿ ಹೇಳುತ್ತಿದ್ದರು. ಯೂನಿಯನ್ ಅಂದರೆ ಮುಷ್ಕರ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡ ಯೂನಿಯನ್ ವರ್ಷದ 360 ದಿನ ಮಾಡುತ್ತಿದ್ದುದು ಇದನ್ನೇ.

ಹಾಗಾಗಿ ಎರಡನೇ ಭೇಟಿಗೆ ಮೂರು ಕಾಗದ ತರಲು ಹೇಳಿದೆ: ಸ್ಯಾಲರಿ ಸ್ಲಿಪ್, ಪಿಎಫ್ ಪಾಸ್‌ಬುಕ್, ಲಾಸ್ ಆಫ್ ಲೈಸೆನ್ಸ್ ಪಾಲಿಸಿ (ಅನ್‌ಫಿಟ್ ಆಗಿ ಲೈಸೆನ್ಸ್ ಹೋದರೆ ಹಣ ಕೊಡುವ ವಿಮೆ). ಮೋಹನ್ ನಕ್ಕರು. "ನಿದ್ದೆ ಬರಲ್ಲ ಅಂದ್ರೆ ಸ್ಯಾಲರಿ ಸ್ಲಿಪ್ ಕೇಳ್ತೀರಲ್ಲ!" ನನ್ನ ಲೆಕ್ಕ ಸರಳ. ರಾತ್ರಿ ಒಂದು ಗಂಟೆಗೆ ಕಾಡುವ ಭಯಕ್ಕೆ ಆಕಾರ ಇರುವುದಿಲ್ಲ. ಕಾಗದದ ಮೇಲೆ ಬಂದರೆ ಅದು ಭಯಂಕರವೇ ಆಗಿದ್ದರೂ ಒಂದು ಅಳತೆಗೆ ಬರುತ್ತದೆ.

ಸ್ಲಿಪ್ ಓದಿದ್ದು ಸುಮಾ. ಬೆರಳಿಟ್ಟು ಒಂದೊಂದೇ ಸಾಲು ಇಳಿದು ಬಂದು ಒಂದು ಕಡೆ ನಿಂತರು. "ರೀ, ಪಿಎಫ್ 1,800 ಅಂತಿದೆ. ಒಂದು ಸೊನ್ನೆ ಬಿಟ್ಟು ಹೋಗಿದೆಯಾ?"

ಬಿಟ್ಟು ಹೋಗಿರಲಿಲ್ಲ. ಕಾನೂನು ಪಿಎಫ್ ಕಟ್ಟುವುದನ್ನು ಕಡ್ಡಾಯ ಮಾಡಿರುವುದು 15 ಸಾವಿರ ರೂಪಾಯಿ ಸಂಬಳದ ಮಿತಿಯವರೆಗೆ. ಅದರ ಶೇ. 12 ಅಂದರೆ 1,800. ಕಂಪನಿ ಅಷ್ಟಕ್ಕೇ ನಿಲ್ಲಿಸಬಹುದು, ಅದು ತಪ್ಪಲ್ಲ. ಪೂರ್ತಿ ಬೇಸಿಕ್ ಮೇಲೆ ಕಟ್ಟಿದ್ದರೆ ಎರಡೂ ಕಡೆಯಿಂದ ತಲಾ 14,400 ಹೋಗುತ್ತಿತ್ತು. ಕಂಪನಿಯ 1,800ರಲ್ಲೂ 1,250 ಪಿಂಚಣಿ ಯೋಜನೆಗೆ ಹೋಗಿ, ಖಾತೆಗೆ ಬೀಳುವುದು 550 ಮಾತ್ರ. ಒಂಬತ್ತು ವರ್ಷದ ಪಾಸ್‌ಬುಕ್‌ನಲ್ಲಿ ಬಡ್ಡಿ ಸೇರಿಸಿದರೂ 4 ಲಕ್ಷ ಇರಲಿಲ್ಲ. ಮೋಹನ್ ಮನಸ್ಸಿನಲ್ಲಿ 40 ಲಕ್ಷ ಅಂದುಕೊಂಡಿದ್ದರು. ಯಾರೂ ಹಾಗೆ ಹೇಳಿರಲಿಲ್ಲ, ಸುಮ್ನೆ ಹಾಗೆ ಅಂದುಕೊಂಡಿದ್ದರು.

ಆಮೇಲೆ ಗ್ರಾಚ್ಯುಟಿ. ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯ ಸೂತ್ರದಲ್ಲಿ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. ಐದು ವರ್ಷ ಆಗಿರಬೇಕಿತ್ತು. ಮೋಹನ್ ಆರೂವರೆ ಲಕ್ಷ ಇಟ್ಟುಕೊಂಡು 33 ಲಕ್ಷ ಎಂದು ಲೆಕ್ಕ ಹಾಕಿದ್ದರು. ಕಾಯ್ದೆಯ ಮಿತಿಯೇ 20 ಲಕ್ಷ ಎಂಬುದು ಒಂದು ಕಡೆ. ಇನ್ನೊಂದು ಕಡೆ, ಅವರ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದು ಬೇಸಿಕ್ ಮಾತ್ರ. ಸುಮಾ ನನ್ನ ಪ್ಯಾಡ್ ಮೇಲೆಯೇ ಬರೆದು ಉತ್ತರಕ್ಕೆ ಗೆರೆ ಎಳೆದರು: 6 ಲಕ್ಷ 23 ಸಾವಿರ. ಪಿಂಚಣಿ ಯೋಜನೆಯಿಂದ 58ಕ್ಕೆ ಬರುವುದು ಏನೇ ಮಾಡಿದರೂ ಹೆಚ್ಚೆಂದರೆ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸು.

ಮೋಹನ್ ಕಿಟಕಿ ಕಡೆ ನೋಡುತ್ತಾ ಕುಳಿತರು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಇಂಥ ಹೊತ್ತಿನಲ್ಲಿ "ಎಲ್ಲ ಸರಿ ಹೋಗುತ್ತದೆ" ಅನ್ನುವ ಸಲಹೆಗಾರರನ್ನು ಕಂಡರೆ ನನಗಾಗುವುದಿಲ್ಲ. ಸುಮಾ ಅತ್ತರು, ಆದರೆ ದುಡ್ಡಿಗಲ್ಲ. "ಇಷ್ಟು ವರ್ಷ ನನಗೆ ಒಂದು ಸಲ ತೋರಿಸಿದ್ದರೆ ನಾನೇ ಹೇಳ್ತಿದ್ದೆ, ಇದು ಸಾಲಲ್ಲ ಅಂತ." ಮನೆಯಲ್ಲಿ ಲೆಕ್ಕದ ಮೇಷ್ಟ್ರಿದ್ದೂ ಲೆಕ್ಕ ಗಂಡನ ಬ್ಯಾಗಿನಲ್ಲೇ ಉಳಿದಿತ್ತು. ಆ ದಿನದ ಉಳಿದ ಸಮಯ ಪೂರ್ತಿ ಅದರ ಬಗ್ಗೆಯೇ ಮಾತಾಯಿತು. ಸಂಸಾರ ನಡೆಸುವ ಗಂಡಸು ಹೆದರಬಾರದು ಎಂಬ ಹಟ ಅವರ ತಂದೆಯಿಂದ ಬಂದದ್ದು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಮೂರನೇ ಕಾಗದ ಪಾಲಿಸಿ. ಅದು ಅವರ ಕೈಗೆ ಸಿಗಲು ಎಚ್‌ಆರ್‌ಗೆ ಮೂರು ಮೇಲ್ ಹೋಗಬೇಕಾಯಿತು. ಕಂಪನಿಯ ಗುಂಪು ವಿಮೆ, 50 ದಾಟಿದ ಮೇಲೆ ಮೊತ್ತ ವರ್ಷ ವರ್ಷ ಇಳಿಯುತ್ತದೆ, ಕೆಲಸ ಬಿಟ್ಟ ದಿನ ನಿಂತುಹೋಗುತ್ತದೆ, ಮಾನಸಿಕ ಕಾಯಿಲೆಗೆ ಅನ್ವಯಿಸುವುದಿಲ್ಲ. ಮುಂದಿನ ತಿಂಗಳು ಮೋಹನ್‌ಗೆ 50.

ಇನ್ನು ಕೊಟ್ಟ ಸಲಹೆ. ಮೊದಲನೆಯದು ನಿದ್ದೆಯದ್ದು. ಅಂಗಡಿಯಿಂದ ತಂದ ನಿದ್ದೆ ಮಾತ್ರೆ ಒಂದೂ ಬೇಡ, ಅದು ಲೈಸೆನ್ಸ್‌ಗೇ ಕುತ್ತು. ಮೆಡಿಕಲ್ ಮಾಡುವ ವೈದ್ಯರಿಗೇ ಬಿಪಿ ಮತ್ತು ನಿದ್ದೆ ಎರಡರ ವಿಷಯವನ್ನೂ ಹೇಳಿ ಎಂದೆ. ನಿದ್ದೆ ಇಲ್ಲದ ದಿನ ಡ್ಯೂಟಿಗೆ ಹೋಗದೆ ಅನ್‌ಫಿಟ್ ಎಂದು ತಿಳಿಸಿ, ಆ ದಿನದ ಅಲೊವೆನ್ಸ್ ಹೋದರೆ ಹೋಗಲಿ ಎಂದೂ ಒತ್ತಿ ಹೇಳಿದೆ. ಈ ಒಂದು ವಿಷಯದಲ್ಲಿ ಮಾತ್ರ ನನ್ನದು ಸಲಹೆಯಲ್ಲ, ತಾಕೀತು. 2023ರಲ್ಲಿ ಡಿಜಿಸಿಎ ಸುತ್ತೋಲೆ ಹೊರಡಿಸಿ, ಪೈಲಟ್‌ಗಳ ಜೊತೆ ಪೈಲಟ್‌ಗಳೇ ಮಾತಾಡುವ ಪೀರ್ ಸಪೋರ್ಟ್ ವ್ಯವಸ್ಥೆ ಇರಬೇಕೆಂದು ಹೇಳಿದೆ. ಅವರ ಕಂಪನಿಯಲ್ಲೂ ಇತ್ತು, ಮೋಹನ್ ಆ ಮೇಲ್ ತೆರೆದೇ ನೋಡಿರಲಿಲ್ಲ.

ಎರಡನೆಯದು, ಭಯವನ್ನು ಬಿಡಿಸಿ ಇಡುವುದು. ಕಂಪನಿ ಮುಚ್ಚುವುದು ಬೇರೆ, ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗುವುದು ಬೇರೆ, 65ಕ್ಕೆ ಹಾರಾಟ ನಿಲ್ಲಿಸುವುದು ಬೇರೆ. ಕೊನೆಯದಕ್ಕೆ ಇನ್ನೂ 15 ವರ್ಷ ಇದೆ. ಅದಕ್ಕೆ ಸ್ವಯಂ ಇಚ್ಛೆಯ ಪಿಎಫ್ ಈಗಲೇ ಶುರು ಮಾಡಬಹುದು. ತಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟದಿದ್ದರೆ ಬಡ್ಡಿಗೆ ತೆರಿಗೆ ಇಲ್ಲ. ಅನ್‌ಫಿಟ್ ಆದರೆ ಎಂಬುದಕ್ಕೆ ಸ್ವಂತ ಹೆಸರಿನ ವಿಮೆ, ಜೊತೆಗೆ ಮನೆ ಸಾಲದ ಕಂತನ್ನು ಬೇಸಿಕ್ ಒಳಗೆ ತರುವುದು. ಯಾವ ವಿಮೆ, ಎಷ್ಟು ಹೂಡಿಕೆ ಎಂಬುದನ್ನು ನಾನು ಹೇಳಲಿಲ್ಲ, ಅದು ನನ್ನ ಕೆಲಸವಲ್ಲ. ಕಮಿಷನ್ ಇಲ್ಲದೆ ಫೀಸು ಮಾತ್ರ ತೆಗೆದುಕೊಳ್ಳುವ ಒಬ್ಬರ ಹತ್ತಿರ ಕಳಿಸಿದೆ.

ಕಂಪನಿ ಮುಚ್ಚುವ ಮಾತು ಸ್ವಲ್ಪ ಜಟಿಲ. ದಿವಾಳಿ ಸಂಹಿತೆಯಲ್ಲಿ ಪಿಎಫ್, ಗ್ರಾಚ್ಯುಟಿ ನಿಧಿಯ ಹಣ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯೊಳಗೆ ಬರುವುದಿಲ್ಲ. ಮುಚ್ಚಿಹೋದ ಜೆಟ್ ಏರ್‌ವೇಸ್‌ನ ಪ್ರಕರಣದಲ್ಲಿ ನೌಕರರ ಪಿಎಫ್, ಗ್ರಾಚ್ಯುಟಿ ಬಾಕಿ ಪೂರ್ತಿ ಕೊಡಬೇಕೆಂಬ ಆದೇಶವನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. 2024ರ ನವೆಂಬರ್‌ನಲ್ಲಿ ಅದೇ ಕೋರ್ಟ್ ಆ ಕಂಪನಿಯನ್ನೇ ಮಾರಿ ಹಂಚಲು ಹೇಳಿತು. ಹಕ್ಕು ಗೆದ್ದರೂ ಹಣ ಕೈಗೆ ಬರಲು ವರ್ಷಗಳು ಬೇಕು, ಅಲ್ವಾ? ಸಂಬಳದ ಬಾಕಿಯಲ್ಲಿ ಇನ್ನೊಂದು ಪೇಚು ಇದೆ. ಕಾರ್ಮಿಕ ಎನಿಸಿಕೊಂಡವರ 24 ತಿಂಗಳ ಬಾಕಿ ಮೇಲಿನ ಸಾಲಿನಲ್ಲಿ ಬರುತ್ತದೆ, ಉಳಿದ ನೌಕರರದ್ದು 12 ತಿಂಗಳು, ಅದೂ ಕೆಳಗಿನ ಸಾಲಿನಲ್ಲಿ. ಪೈಲಟ್ ಕೂಡ ಕಾರ್ಮಿಕನೇ ಎಂದು ದೆಹಲಿ ಹೈಕೋರ್ಟ್ ಹೇಳಿದೆ. ತನ್ನನ್ನು ಯಾವತ್ತೂ "ವರ್ಕರ್" ಅಂದುಕೊಳ್ಳದಿದ್ದ ಮೋಹನ್‌ಗೆ ಈ ಮಾತು ಕೇಳಿ ನಗು ಬಂತು. ಕಾರ್ಮಿಕ ಕಾನೂನಿನ ವಕೀಲರೊಬ್ಬರಿಗೆ ಅಪಾಯಿಂಟ್‌ಮೆಂಟ್ ಲೆಟರ್ ತೋರಿಸಿ ಬರಲು ಹೇಳಿದೆ.

ಗಲ್ಫ್‌ನಿಂದ ಒಂದು ಆಫರ್ ಇತ್ತು. ತೆರಿಗೆ ಇಲ್ಲ, ಸಂಬಳ ಜಾಸ್ತಿ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಬೇಸಿಕ್ ಗ್ರಾಚ್ಯುಟಿಯಾಗಿ ಸಿಗುತ್ತದೆ. ಯೂನಿಯನ್ ಅಲ್ಲೂ ಇಲ್ಲ. ನಿದ್ದೆ ಸರಿಯಾಗುವವರೆಗೆ ಈ ತೀರ್ಮಾನ ಮುಟ್ಟಬೇಡಿ ಎಂದೆ. ಅವರು ಮುಟ್ಟಲಿಲ್ಲ.

ಕೊನೆಯ ಸಲಹೆಗೆ ಅವರು ತುಂಬಾ ಹಿಂಜರಿದರು. ನಾಲ್ಕು ಜನ ಸಹೋದ್ಯೋಗಿಗಳನ್ನು ಮನೆಗೆ ಕರೆದು, ಎಲ್ಲರೂ ತಂತಮ್ಮ ಸ್ಲಿಪ್ ತಂದು ಒಟ್ಟಿಗೆ ಓದಿ ಎಂದೆ. "ಕಂಪನಿಗೆ ಗೊತ್ತಾದರೆ?" "ತಮ್ಮ ಪಿಎಫ್ ತಾವು ಓದಿಕೊಂಡರು ಅಂತ ಗೊತ್ತಾಗುತ್ತೆ, ಇನ್ನೇನು?" ಅವರ ವಾಟ್ಸಾಪ್ ಗುಂಪಿನಲ್ಲಿ 200 ಜನ ಇದ್ದರು, ದಿನವಿಡೀ ಗಾಳಿಸುದ್ದಿ ಓಡುತ್ತಿತ್ತು. ಒಬ್ಬರೂ ಒಂದು ಕಾಗದ ಹಾಕಿರಲಿಲ್ಲ.

ಮೂವರು ಬಂದರು. ಸುಮಾ ಚಿತ್ರಾನ್ನ ಮಾಡಿದ್ದರು, ಲೆಕ್ಕವನ್ನೂ ಅವರೇ ಮಾಡಿದರು. ಮೂವರದ್ದೂ 1,800. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನೂ ವೇತನಕ್ಕೆ ಸೇರಿಸಬೇಕು ಎಂದಿದೆ. ನಮ್ಮ ಫ್ಲೈಯಿಂಗ್ ಅಲೊವೆನ್ಸ್‌ಗೆ, ಅದರ ಮೇಲಿನ ಗ್ರಾಚ್ಯುಟಿಗೆ ಇದು ಹೇಗೆ ಅನ್ವಯಿಸುತ್ತದೆ ಎಂದು ನಾಲ್ವರೂ ಒಂದೇ ಒಕ್ಕಣೆಯಲ್ಲಿ, ಬೇರೆ ಬೇರೆ ಮೇಲ್‌ನಲ್ಲಿ ಎಚ್‌ಆರ್‌ಗೆ ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮೋಹನ್ ಈಗ ಪಿಕಪ್‌ಗೆ ಅರ್ಧ ಗಂಟೆ ಮುಂಚೆ ಏಳುತ್ತಾರೆ. ಎಲ್ಲ ದಿನವೂ ಅಲ್ಲ. ಹೋದ ವಾರ ಸುಮಾ ಮೆಸೇಜ್ ಹಾಕಿದ್ದರು. ಮೊದಲ ಕಂಪನಿಯ ಹಳೆ ಪಿಎಫ್ ಖಾತೆಯನ್ನು ಈಗಿನದಕ್ಕೆ ಸೇರಿಸಲು ಹೊರಟರೆ ಅರ್ಜಿ ಎರಡು ಸಲ ತಿರಸ್ಕೃತವಾಗಿದೆ. ಅಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇದೆ, ಆಧಾರ್‌ನಲ್ಲಿ ಹಿಂದೆ ಇದೆ. "ಇವ್ರಿಗೆ ಸಿಟ್ಟು ಬಂದಿದೆ ಮೇಡಂ, ನನಗಿಲ್ಲ. ಮೂರನೇ ಸಲ ಹಾಕ್ತಿದ್ದೀನಿ."