ಲೋಹದ ಮೇಲೆ ಕೈಯಲ್ಲಿ ಕೆತ್ತುವಾಗ ಗೆರೆ ಗುರುತು ಹಾಕಲು ಚಿಕ್ಕ ಡಿವೈಡರ್ (ಎರಡೂ ಕಾಲಿಗೆ ಚೂಪು ಮೊನೆ ಇರುವ ಕೈವಾರ) ಯಾಕೆ ಬೇಕು? ಮನೆಯಲ್ಲೇ ಮಾಡಿಕೊಳ್ಳಬಹುದಾ?

ಸುಮಾರು 75 ಮಿ.ಮೀ. ಉದ್ದದ, ಸ್ಪ್ರಿಂಗ್ ಮತ್ತು ತಿರುಪು ಇರುವ ಡಿವೈಡರ್ ತಗೊಳ್ಳಿ. ದೊಡ್ಡದನ್ನು ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳಲೂಬಹುದು.

ಚಿಕ್ಕದೇ ಯಾಕೆ ಅಂದರೆ, ಉದ್ದ ಕಾಲು ಬಾಗುತ್ತದೆ. ದಪ್ಪ ಅಷ್ಟೇ ಇದ್ದು ಕಾಲಿನ ಉದ್ದ ಅರ್ಧ ಆದರೆ, ಅದೇ ಒತ್ತಡಕ್ಕೆ ಬಾಗುವುದು ಎಂಟನೇ ಒಂದು ಭಾಗ ಮಾತ್ರ. ಉಂಗುರದ ಅಂಚಿನಿಂದ ಅರ್ಧ ಮಿ.ಮೀ. ಒಳಗೆ ಗೆರೆ ಎಳೆಯುವಾಗ ಕೂದಲೆಳೆಯಷ್ಟು ಬಾಗಿದರೂ ಗೆರೆ ವಕ್ರ ಕಾಣುತ್ತದೆ, ಅಲ್ವಾ?

ಕೊಳ್ಳುವಾಗ ಪೂರ್ತಿ ಮುಚ್ಚಿ ನೋಡಿ. ಎರಡೂ ಮೊನೆ ಒಂದನ್ನೊಂದು ಮುಟ್ಟಬೇಕು. ಕೀಲು ಅಲ್ಲಾಡಿದರೆ ಬೇಡವೇ ಬೇಡ.

ಮಾಡಿಕೊಳ್ಳುವುದಾದರೆ ಕಾಲುಗಳನ್ನು ಕತ್ತರಿಸಿ, ಹೊರಗಿನ ಕಡೆಯಿಂದ ಮಾತ್ರ ಸಾಣೆ ಹಿಡಿಯಿರಿ. ಒಳಮೈ ಚಪ್ಪಟೆಯಾಗೇ ಇರಲಿ, ಆಗಲೇ ಮೊನೆಗಳು ಹತ್ತಿರ ಬರುವುದು. ಆಗಾಗ ನೀರಿಗೆ ಅದ್ದಿ. ಬಿಸಿಯಾಗಿ ಉಕ್ಕು ನೀಲಿಗೆ ತಿರುಗಿತೋ, ಮೊನೆ ಮೆತ್ತಗಾಯಿತು ಅಂತಲೇ ಲೆಕ್ಕ. ಇದಕ್ಕೆ ಅವಸರ ಮಾಡಲೇಬೇಡಿ.

ಆಮೇಲೆ ಒಂದು ಕಾಲಿನ ತುದಿಯನ್ನು ಸ್ವಲ್ಪ ದುಂಡಗೆ ಮಾಡಿ ಪಾಲಿಶ್ ಮಾಡಿ. ಅದು ಅಂಚಿಗೆ ಆತುಕೊಂಡು ಗೀರು ಬೀಳಿಸದೆ ಜಾರುತ್ತದೆ, ಚೂಪಾದದ್ದು ಗೆರೆ ಹಾಕುತ್ತದೆ. ನನಗಂತೂ ಇಂಥದ್ದೊಂದು, ಎರಡೂ ಚೂಪಿರುವುದೊಂದು ಬೇಕೇ ಬೇಕು. ಲೋಹಕ್ಕೆ ಮೊದಲು ತೆಳುವಾಗಿ ಬಿಳಿ ಪೋಸ್ಟರ್ ಬಣ್ಣ ಹಚ್ಚಿ. ಒತ್ತದೆ ಸುಮ್ನೆ ಸವರಿದರೂ ಗೆರೆ ಕಾಣುತ್ತದೆ.